ನೊರೆ ಉಕ್ಕಿದರೂ ಬಿಯರ್ ಸಪ್ಪೆ ಏಕೆ?

ನಲ್ಲಿ ತಿರುಗಿಸಿದರೆ ಲೋಟದ ಮುಕ್ಕಾಲು ಪಾಲು ನೊರೆ. ಅದು ಇಳಿದ ಮೇಲೆ ಉಳಿದ ಬಿಯರನ್ನು ಬಾಯಿಗಿಟ್ಟರೆ ಸಪ್ಪೆ. ನಾಲಗೆಯನ್ನು ಚುರುಗುಟ್ಟಿಸಬೇಕಾದ ಗುಳ್ಳೆಗಳೇ ಇಲ್ಲ. ಮನೆಯಲ್ಲೇ ಬಿಯರ್ ತಯಾರಿಸಿ ಉಕ್ಕಿನ ಕೆಗ್‌ನಲ್ಲಿ ತುಂಬಿಡುವ ಅಮೆರಿಕದ ಹವ್ಯಾಸಿಗಳಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಗ್ಯಾಸ್ ಸಾಲದು ಎಂದುಕೊಂಡು ಒತ್ತಡ ಏರಿಸಿದರೆ ನೊರೆ ಇನ್ನಷ್ಟು ಉಕ್ಕುತ್ತದೆ. ನೊರೆಯಲ್ಲಿ ಕಾಣುವುದು ಬಿಯರಿನೊಳಗೆ ಉಳಿದ ಗ್ಯಾಸ್ ಅಲ್ಲ, ಬಿಯರನ್ನು ಬಿಟ್ಟು ಹೊರಟ ಗ್ಯಾಸ್. ಇಷ್ಟು ಮನದಟ್ಟಾದರೆ ಅರ್ಧ ಕಾಯಿಲೆ ಪತ್ತೆಯಾದ ಹಾಗೆ.

ಅಮೆರಿಕದಲ್ಲಿ ಮನೆಬಳಕೆಯ ಬಿಯರ್ ತಯಾರಿಕೆಯನ್ನು ತೆರಿಗೆಯಿಂದ ಮುಕ್ತಗೊಳಿಸುವ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರಲ್ಲಿ. ಈ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಕಾರ್ನೀಲಿಯಸ್ ಕೆಗ್ ಬಿಯರಿಗೆಂದು ಹುಟ್ಟಿದ್ದಲ್ಲ. ಸುಮಾರು 19 ಲೀಟರ್ ಹಿಡಿಯುವ ಈ ಪಾತ್ರೆಯಲ್ಲಿ ಪೆಪ್ಸಿ, ಕೋಕ್‌ಗಳ ಸಿರಪ್ ಹೋಟೆಲುಗಳಿಗೆ ಹೋಗುತ್ತಿತ್ತು. ತಂಪು ಪಾನೀಯದ ಕಂಪನಿಗಳು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾದಾಗ ಹಳೆಯ ಕೆಗ್‌ಗಳು ಅಗ್ಗವಾಗಿ ಸಿಕ್ಕವು. ಅವುಗಳ ಜೊತೆಗೆ ಸವೆದ ರಬ್ಬರ್ ರಿಂಗುಗಳೂ ಬಂದವು.

ಬಿಯರಿನಲ್ಲಿ ಗ್ಯಾಸ್ ಕರಗುವುದನ್ನು ಆಳುವುದು ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ಹೇಳಿದ ನಿಯಮ: ದ್ರವದ ಮೇಲೆ ಅನಿಲದ ಒತ್ತಡ ಹೆಚ್ಚಿದಷ್ಟೂ ಆ ಅನಿಲ ಅದರಲ್ಲಿ ಹೆಚ್ಚು ಕರಗುತ್ತದೆ. ನಮ್ಮ ಗೋಲಿ ಸೋಡಾ ನಿಂತಿರುವುದೂ ಇದರ ಮೇಲೆಯೇ. ಇದರೊಂದಿಗೆ ತಾಪಮಾನವನ್ನೂ ಸೇರಿಸಿಕೊಳ್ಳಬೇಕು. ವಾತಾವರಣದ ಒತ್ತಡದಲ್ಲಿ ಒಂದು ಲೀಟರ್ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 0.9 ಲೀಟರ್ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡರೆ, ಸೊನ್ನೆ ಡಿಗ್ರಿಯಲ್ಲಿ 1.7 ಲೀಟರ್‌ನಷ್ಟನ್ನು ಕರಗಿಸಿಕೊಳ್ಳುತ್ತದೆ. ಸಾಮಾನ್ಯ ಬಿಯರಿಗೆ ಲೀಟರಿಗೆ ಸುಮಾರು 2.5 ಲೀಟರ್ ಗ್ಯಾಸ್ ಬೇಕು. ಬಿಯರ್ 3-4 ಡಿಗ್ರಿಯಲ್ಲಿದ್ದರೆ ಇದಕ್ಕೆ ಸುಮಾರು 12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಸಾಕು. 20 ಡಿಗ್ರಿಯಲ್ಲಿದ್ದರೆ 30ರ ಹತ್ತಿರ ಬೇಕು. ಆದ್ದರಿಂದ ಮೊದಲು ನೋಡಬೇಕಾದದ್ದು ಒತ್ತಡದ ಮುಳ್ಳನ್ನಲ್ಲ, ಬಿಯರಿನಲ್ಲಿ ಅದ್ದಿದ ಥರ್ಮಾಮೀಟರನ್ನು. ಫ್ರಿಜ್ಜಿನ ಗುಂಡಿ ತೋರಿಸುವ ಅಂಕಿಯನ್ನು ನಂಬಬಾರದು.

ಮುಳ್ಳು ತೋರಿಸುವುದು ಬಿಯರಿನ ಮೇಲಿರುವ ಗ್ಯಾಸಿನ ಒತ್ತಡವನ್ನು ಮಾತ್ರ. ಅದು ಕೆಳಗಿಳಿದು ಪೂರ್ತಿ ಕರಗಿ ಸಮತೋಲಕ್ಕೆ ಬರಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಮೂರನೆಯ ದಿನ ಬಿಯರ್ ಸಪ್ಪೆ ಎನಿಸಿದರೆ ಅದು ದೋಷವಲ್ಲ, ಆತುರ. ಒತ್ತಡ ಏರಿಸಿ ಕೆಗ್ಗನ್ನು ಅಲುಗಾಡಿಸಿದರೆ ಗ್ಯಾಸ್ ಬೇಗ ಕರಗುವುದು ನಿಜ. ಆದರೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಗ್ಯಾಸ್ ಅತಿಯಾಗುವುದೇ ಹೆಚ್ಚು. ಕಾಯುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ನೊರೆಯ ಗುಟ್ಟು. ಕೆಗ್‌ನೊಳಗೆ 12 ಪಿಎಸ್‌ಐ ಒತ್ತಡದಲ್ಲಿರುವ ಬಿಯರ್ ಲೋಟಕ್ಕೆ ಬೀಳುವಾಗ ಆ ಒತ್ತಡವೆಲ್ಲ ದಾರಿಯಲ್ಲಿ ನಿಧಾನವಾಗಿ ಇಳಿದಿರಬೇಕು. ಆ ಕೆಲಸ ಕೊಳವೆಯದು. ಒಳವ್ಯಾಸ 5 ಮಿಲಿಮೀಟರಿನಷ್ಟಿರುವ ಕೊಳವೆ ಸುಮಾರು 3 ಮೀಟರ್ ಉದ್ದವಿದ್ದರೆ ಅದರ ಗೋಡೆಯ ಘರ್ಷಣೆಯೇ ಒತ್ತಡವನ್ನು ತಗ್ಗಿಸುತ್ತದೆ. ಕೊಳವೆ ಗಿಡ್ಡವಾದರೆ ಬಿಯರ್ ರಭಸದಿಂದ ನುಗ್ಗಿ, ಗ್ಯಾಸ್ ಒಮ್ಮೆಲೇ ಸಿಡಿದೇಳುತ್ತದೆ. ಲೋಟದಲ್ಲಿ ನೊರೆ ತುಂಬುತ್ತದೆ, ಕೆಳಗಿನ ಬಿಯರ್ ಸಪ್ಪೆಯಾಗುತ್ತದೆ.

ನೊರೆ ಯಾವಾಗ ಬರುತ್ತದೆ ಎಂಬುದೂ ಸುಳಿವು ಕೊಡುತ್ತದೆ. ಮೊದಲ ಲೋಟ ಮಾತ್ರ ನೊರೆಯಾಗಿ ಎರಡನೆಯದು ಸರಿಹೋದರೆ, ನಲ್ಲಿಯೂ ಅದರ ಹತ್ತಿರದ ಕೊಳವೆಯೂ ಬೆಚ್ಚಗಿವೆ ಎಂದರ್ಥ. ತಣ್ಣನೆಯ ಗಾಳಿ ಫ್ರಿಜ್ಜಿನ ತಳದಲ್ಲೇ ಉಳಿಯುವುದರಿಂದ, ಅದನ್ನು ಮೇಲಕ್ಕೆ ಊದುವ ಸಣ್ಣ ಫ್ಯಾನ್ ಸಾಕು. ಪ್ರತಿ ಲೋಟವೂ ನೊರೆಯಾದರೆ ಕೊಳವೆ ಗಿಡ್ಡವಾಗಿರಬೇಕು, ಇಲ್ಲವೇ ಗ್ಯಾಸ್ ಅತಿಯಾಗಿರಬೇಕು. ಗ್ಯಾಸ್ ಅತಿಯಾಗಿದ್ದರೆ ಕೆಗ್‌ಗೆ ಗ್ಯಾಸ್ ಕೊಡುವ ಸಿಲಿಂಡರ್ ಮುಚ್ಚಿ, ಕೆಗ್‌ನ ಕವಾಟ ಎಳೆದು ಒತ್ತಡ ಬಿಟ್ಟು, ಕೆಲವು ಗಂಟೆ ಕಾದು ಮತ್ತೆ ಬಿಡಬೇಕು. ಕೆಗ್‌ನಿಂದ ಹೊರಡುವಲ್ಲೇ ಕೊಳವೆಯಲ್ಲಿ ಗುಳ್ಳೆಗಳು ಓಡುತ್ತಿದ್ದರೆ, ಬಿಯರ್ ಮೇಲೇರುವ ಉಕ್ಕಿನ ನಳಿಕೆಯ ರಬ್ಬರ್ ರಿಂಗನ್ನು ಬಿಚ್ಚಿ ನೋಡಿ. ಅದು ಹರಿದಿದ್ದರೆ ಮೇಲಿನ ಗ್ಯಾಸ್ ನೇರವಾಗಿ ಬಿಯರಿನೊಳಗೆ ನುಸುಳುತ್ತದೆ.

ಎರಡು ವಾರ ಕಳೆದರೂ ಗುಳ್ಳೆ ಬಾರದಿದ್ದರೆ ಸೋರಿಕೆಯನ್ನು ಹುಡುಕಬೇಕು. ಈ ಕೆಗ್‌ನ ಮೊಟ್ಟೆಯಾಕಾರದ ಮುಚ್ಚಳ ಕಡಿಮೆ ಒತ್ತಡದಲ್ಲಿ ಬಿಗಿಯಾಗಿ ಕೂರದಿರುವುದುಂಟು. ಮೊದಲಿಗೆ 30 ಪಿಎಸ್‌ಐ ಕೊಟ್ಟು ಕೂರಿಸಿ, ಆಮೇಲೆ ಇಳಿಸುವುದು ರೂಢಿ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿದರೆ ಸೋರುವ ಜಾಗ ಗುಳ್ಳೆ ಬಿಟ್ಟು ತಾನೇ ಹೇಳುತ್ತದೆ.

ಸಿಲಿಂಡರಿನ ಒತ್ತಡದ ಮುಳ್ಳನ್ನು ನೋಡಿ ಎಷ್ಟು ಗ್ಯಾಸ್ ಉಳಿದಿದೆ ಎಂದು ಲೆಕ್ಕ ಹಾಕಲಾಗದು. ಒಳಗಿರುವುದು ದ್ರವರೂಪದ ಇಂಗಾಲದ ಡೈಆಕ್ಸೈಡ್. ಅದರ ಕೊನೆಯ ಹನಿ ಆವಿಯಾಗುವವರೆಗೆ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಉಳಿದದ್ದೆಷ್ಟು ಎಂದು ತಿಳಿಯಲು ತೂಕವನ್ನೇ ಹಾಕಬೇಕು. ಈ ಅನಿಲ ಗಾಳಿಗಿಂತ ಭಾರ, ಅದಕ್ಕೆ ಬಣ್ಣವಿಲ್ಲ, ಮುಚ್ಚಿದ ಕೋಣೆಯಲ್ಲಿ ಸೋರಿದರೆ ಪ್ರಾಣಕ್ಕೇ ಅಪಾಯ. ಸಿಲಿಂಡರನ್ನು ಗಾಳಿಯಾಡುವ ಜಾಗದಲ್ಲೇ ಇಡಿ, ಬಳಸದಿರುವಾಗ ಅದರ ಕವಾಟವನ್ನು ಮುಚ್ಚಿಡಿ.