ಇರುಳಿಗಾಗಿ ಬಿಸಿಲಿನ ಸಂಗ್ರಹ

ಮಾಳಿಗೆಯ ಮೇಲೆ ಬೀಳುವ ಬಿಸಿಲನ್ನು ವಿದ್ಯುಚ್ಛಕ್ತಿಯಾಗಿ ಮಾರ್ಪಡಿಸುವ ಸೌರಫಲಕಗಳು ಈಗ ನಗರಗಳಲ್ಲಿ ಅಪರೂಪವಲ್ಲ. ಆದರೆ ಸೂರ್ಯನು ಮುಳುಗಿದೊಡನೆ ಅವುಗಳ ಕೆಲಸ ಮುಗಿಯುತ್ತದೆ; ನಮಗೆ ದೀಪ ಬೇಕಾಗುವುದು ಆಗಲೇ. ಹಗಲಿನ ಶಕ್ತಿಯನ್ನು ಇರುಳಿಗೆ ಕೂಡಿಡುವ ಕಣಜವೇ ಬ್ಯಾಟರಿ. ಕಣಜವು ಕಿರಿದಾದರೆ ನಡುರಾತ್ರಿಯಲ್ಲಿ ಕತ್ತಲೆ; ಅತಿ ಹಿರಿದಾದರೆ ಹಣ ವ್ಯರ್ಥ. ಅದರ ಅಳತೆಯನ್ನು ಊಹೆಯಿಂದಲ್ಲ, ಲೆಕ್ಕದಿಂದ ನಿರ್ಣಯಿಸಬೇಕು.

ದೆಹಲಿಯ ಮುಖರ್ಜಿ ನಗರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸ್ಪರ್ಧಾಪರೀಕ್ಷೆಗಳಿಗೆ ಓದುವ ತರುಣ ತರುಣಿಯರು ಬಾಡಿಗೆಯ ಕೋಣೆಗಳಲ್ಲಿ ತುಂಬಿರುವ ಬಡಾವಣೆಯದು. ಅಲ್ಲಿ ರಾತ್ರಿಯ ಓದಿಗೆ ಭಂಗ ಬಂದರೆ ವರ್ಷದ ಶ್ರಮಕ್ಕೇ ಕುಂದು. ಅಂಥ ಮನೆಯೊಂದರ ಬೇಸಗೆಯ ಒಂದು ರಾತ್ರಿಯ ವೆಚ್ಚವನ್ನು ಬರೆಯೋಣ:

9 ವಾಟ್‌ನ 4 ದೀಪಗಳು, 5 ಗಂಟೆ: 180 ವಾಟ್-ಗಂಟೆ
75 ವಾಟ್‌ನ 2 ಫ್ಯಾನುಗಳು, 8 ಗಂಟೆ: 1,200
50 ವಾಟ್‌ನ ಲ್ಯಾಪ್‌ಟಾಪ್, 4 ಗಂಟೆ: 200
10 ವಾಟ್‌ನ ರೂಟರ್, 10 ಗಂಟೆ: 100
ಒಟ್ಟು: 1,680 ವಾಟ್-ಗಂಟೆ

ಬ್ಯಾಟರಿಯ ನೇರ ಪ್ರವಾಹವನ್ನು ಪರ್ಯಾಯ ಪ್ರವಾಹವಾಗಿ ಬದಲಿಸುವ ಇನ್ವರ್ಟರಿನಲ್ಲಿ ಸ್ವಲ್ಪ ಶಕ್ತಿಯು ಶಾಖವಾಗಿ ನಷ್ಟವಾಗುತ್ತದೆ. ನೂರಕ್ಕೆ 85 ಪಾಲು ಕೈಗೆ ಬರುವುದೆಂದು ಹಿಡಿದರೆ, ಬ್ಯಾಟರಿಯು ಸುಮಾರು 2,000 ವಾಟ್-ಗಂಟೆ ಕೊಡಬೇಕು. ಸೀಸ-ಆಮ್ಲದ ಬ್ಯಾಟರಿಯನ್ನು ಪದೇ ಪದೇ ಬರಿದು ಮಾಡಿದರೆ ಅದರ ಆಯುಷ್ಯವು ಬೇಗ ಕುಗ್ಗುತ್ತದೆ. ಆದುದರಿಂದ ಅರ್ಧವನ್ನು ಮಾತ್ರ ಬಳಸುವುದು ಲೇಸು. ಎಂದರೆ 4,000 ವಾಟ್-ಗಂಟೆಯ ಕಣಜ ಬೇಕು. ಇದನ್ನು 24 ವೋಲ್ಟಿನಿಂದ ಭಾಗಿಸಿದರೆ ಸುಮಾರು 167 ಆಂಪಿಯರ್-ಗಂಟೆ. 12 ವೋಲ್ಟಿನ, 200 ಆಂಪಿಯರ್-ಗಂಟೆಯ ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದರೆ ವೋಲ್ಟುಗಳು ಕೂಡಿ 24 ಆಗುತ್ತವೆ. ಆಂಪಿಯರ್-ಗಂಟೆ 200 ಆಗಿಯೇ ಉಳಿಯುತ್ತದೆ. ಅರ್ಧ ಬಳಸಿದರೂ 2,400 ವಾಟ್-ಗಂಟೆ ದೊರೆಯುತ್ತದೆ. ಲಿಥಿಯಂ ಬ್ಯಾಟರಿಯಲ್ಲಿ ನೂರಕ್ಕೆ 80 ಪಾಲು ಬಳಸಬಹುದಾದುದರಿಂದ 2,500 ವಾಟ್-ಗಂಟೆಯದೇ ಸಾಕು. ಆದರೆ ಅದರ ಬೆಲೆ ಹೆಚ್ಚು.

ಸೂರ್ಯನು ಮರೆಯಾದ ದಿನಗಳ ಗತಿಯೇನು? ದೆಹಲಿಯಲ್ಲಿ ಡಿಸೆಂಬರ್, ಜನವರಿಗಳಲ್ಲಿ ದಟ್ಟವಾದ ಮಂಜು ಕವಿಯುತ್ತದೆ. ಆದರೆ ಆಗ ಫ್ಯಾನು ಬೇಡ. ಇನ್ವರ್ಟರಿನ ನಷ್ಟವೂ ಸೇರಿ ರಾತ್ರಿಗೆ ಸುಮಾರು 565 ವಾಟ್-ಗಂಟೆ ಸಾಕು. ಚಳಿಯಿಂದ ಬ್ಯಾಟರಿಯ ಬಲವು ಐದರಲ್ಲೊಂದು ಪಾಲು ತಗ್ಗಿದರೂ ಅದೇ ಕಣಜವು ಮೂರು ರಾತ್ರಿ ನಡೆಸುತ್ತದೆ. ನಿಜವಾದ ಪರೀಕ್ಷೆ ಮಳೆಗಾಲದ್ದು: ಆಗ ಮೋಡವೂ ಉಂಟು, ಸೆಕೆಯೂ ಉಂಟು. ಅದಕ್ಕಾಗಿ ಬ್ಯಾಟರಿಗಳನ್ನು ಇಮ್ಮಡಿಗೊಳಿಸಬೇಕಾಗಿಲ್ಲ. 30 ವಾಟ್‌ನ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಹಾಕಿದರೆ ರಾತ್ರಿಯ ಬೇಡಿಕೆ ಸುಮಾರು 1,130ಕ್ಕೆ ಇಳಿದು, ಇದ್ದ ಬ್ಯಾಟರಿಗಳೇ ಎರಡು ರಾತ್ರಿಗೆ ಒದಗುತ್ತವೆ. ಕಣಜವನ್ನು ಹಿಗ್ಗಿಸುವುದಕ್ಕಿಂತ ವೆಚ್ಚವನ್ನು ತಗ್ಗಿಸುವುದೇ ಜಾಣತನ.

ಬ್ಯಾಟರಿಯನ್ನು ಇಡುವ ಸ್ಥಳವೂ ಮುಖ್ಯ. 2023ರ ಜೂನ್ 15ರಂದು ಮುಖರ್ಜಿ ನಗರದಲ್ಲಿ ತರಬೇತಿ ಕೇಂದ್ರವಿದ್ದ ಕಟ್ಟಡಕ್ಕೆ ಬೆಂಕಿ ತಗುಲಿದಾಗ, ವಿದ್ಯಾರ್ಥಿಗಳು ಕಿಟಕಿಗಳಿಂದ ಹಗ್ಗ, ತಂತಿಗಳನ್ನು ಹಿಡಿದು ಇಳಿಯಬೇಕಾಯಿತು. ಸೀಸ-ಆಮ್ಲದ ಬ್ಯಾಟರಿಯು ವಿದ್ಯುತ್ತನ್ನು ತುಂಬಿಕೊಳ್ಳುವಾಗ ಸುಲಭವಾಗಿ ಹೊತ್ತಿಕೊಳ್ಳುವ ಜಲಜನಕವನ್ನು ಹೊರಬಿಡುತ್ತದೆ. ಆದುದರಿಂದ ಅದನ್ನು ಗಾಳಿಯಾಡುವೆಡೆಯಲ್ಲಿಡಬೇಕು. ಜನರು ಪಾರಾಗಬೇಕಾದ ಮೆಟ್ಟಿಲಿನ ಬಳಿ ಎಂದಿಗೂ ಇಡಕೂಡದು.

ವಿದ್ಯಾರ್ಥಿಮಿತ್ರರು ತಮ್ಮ ಮನೆಯ ದೀಪ, ಫ್ಯಾನುಗಳ ವಾಟುಗಳನ್ನು ಬರೆದುಕೊಂಡು ಈ ಲೆಕ್ಕವನ್ನು ಮಾಡಿನೋಡಲಿ. ಗುಣಾಕಾರ ಭಾಗಾಕಾರಗಳನ್ನು ಬಲ್ಲವರಿಗೆ ಇದು ಕಠಿಣವಲ್ಲ. ಮನೆಯ ಹಿರಿಯರು ಅಂಗಡಿಗೆ ಹೋಗುವ ಮುನ್ನ ಈ ಚೀಟಿಯು ಅವರ ಕೈಯಲ್ಲಿದ್ದರೆ ಅನುಕೂಲ.