ಬೇಡವಾದ ಟೇಪು ಉಳಿಯಿತು

1963ರ ಸೆಪ್ಟೆಂಬರ್ 27. ಲಂಡನ್ನಿನ ಲೈಮ್ ಗ್ರೋವ್ ಸ್ಟುಡಿಯೊದಲ್ಲಿ ಬಿಬಿಸಿಯ ಹೊಸ ಧಾರಾವಾಹಿ ‘ಡಾಕ್ಟರ್ ಹೂ’ ಮೊದಲ ಕಂತಿನ ಚಿತ್ರೀಕರಣ. ಕಾಲಯಂತ್ರದ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳಲೇ ಇಲ್ಲ. ಅದರ ದಡಬಡ ಸದ್ದೂ ಟೇಪಿಗೆ ಸೇರಿತು. ಆಗ ಟೇಪು ಕತ್ತರಿಸಿ ಜೋಡಿಸುವುದು ದುಬಾರಿ ಕೆಲಸ. ರಂಗನಾಟಕದಂತೆ ಹೆಚ್ಚುಕಡಿಮೆ ಒಂದೇ ಓಟದಲ್ಲಿ ಮುಗಿಸಬೇಕಿತ್ತು.

ನಿರ್ದೇಶಕ ವಾರಿಸ್ ಹುಸೇನ್‌ಗೆ ಆಗ 24 ವರ್ಷ. ಹುಟ್ಟಿದ್ದು ಲಖನೌನಲ್ಲಿ, ತಾಯಿ ಕಾದಂಬರಿಗಾರ್ತಿ ಅತಿಯಾ ಹೊಸೇನ್. 1946ರಲ್ಲಿ ಕುಟುಂಬ ಇಂಗ್ಲೆಂಡ್ ಸೇರಿತು. ಕೇಂಬ್ರಿಡ್ಜ್‌ನಲ್ಲಿ ಓದು ಮುಗಿಸಿದ ವಾರಿಸ್ 1960ರಲ್ಲಿ ಬಿಬಿಸಿಗೆ ಬಂದರು.

ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಟೇಪು ನೋಡಿ, ಮತ್ತೊಮ್ಮೆ ಮಾಡಿ ಎಂದರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ವಾರಿಸ್ ಮತ್ತು ಕಥಾ ಸಂಪಾದಕ ಡೇವಿಡ್ ವಿಟೇಕರ್ ಮತ್ತೆ ಕೂತರು. ಲೇಖಕ ಬರೆದದ್ದನ್ನು ಸ್ಟುಡಿಯೊದ ಅಳತೆಗೆ, ಅವಧಿಗೆ, ದುಡ್ಡಿಗೆ ಒಗ್ಗಿಸುವವನೇ ಕಥಾ ಸಂಪಾದಕ. ಮೊದಲ ಪ್ರತಿಯಲ್ಲಿ ಹುಡುಗಿ ಸೂಸನ್ ತಾನು 49ನೇ ಶತಮಾನದವಳೆಂದು ಲೆಕ್ಕ ಒಪ್ಪಿಸುತ್ತಿದ್ದಳು. ಎರಡನೆಯದರಲ್ಲಿ ಆ ಶತಮಾನದ ಲೆಕ್ಕ ಮಾಯ. ಬೇರೆ ಕಾಲ, ಬೇರೆ ಲೋಕದವಳು, ಅಷ್ಟೆ. ಒಂದು ಅಂಕಿ ತೆಗೆದದ್ದಕ್ಕೆ ಹುಡುಗಿಯ ಸುತ್ತ ನಿಗೂಢತೆ ಬೆಳೆಯಿತು. ಕಥಾನಾಯಕನಾದ ಸಿಡುಕು ಡಾಕ್ಟರ್‌ನ ಮಾತಿನ ಖಾರವೂ ಕಡಿಮೆಯಾಯಿತು.

ಅಕ್ಟೋಬರ್ 18ರಂದು ಮತ್ತೆ ಚಿತ್ರೀಕರಿಸಿದ ಕಂತು ನವೆಂಬರ್ 23ರಂದು ಪ್ರಸಾರವಾಯಿತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿ ಹತ್ಯೆಯಾಗಿತ್ತು, ಆ ಸುದ್ದಿಯಲ್ಲಿ ಕಂತು ಮಸುಕಾಯಿತು. ಹಾಗಾಗಿ ಮರುವಾರ ಎರಡನೇ ಕಂತಿಗೆ ಮುನ್ನ ಮೊದಲನೆಯದನ್ನು ಇನ್ನೊಮ್ಮೆ ತೋರಿಸಿದರು.

ವಾರಿಸ್ ಅಲ್ಲಿಗೇ ನಿಲ್ಲಲಿಲ್ಲ. 1965ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ಟಿವಿಗೆ ತಂದರು, 1978ರಲ್ಲಿ ‘ಎಡ್ವರ್ಡ್ ಆ್ಯಂಡ್ ಮಿಸೆಸ್ ಸಿಂಪ್ಸನ್’ ಅವರ ಹೆಸರನ್ನು ಇನ್ನಷ್ಟು ಎತ್ತರಕ್ಕೆ ಒಯ್ದಿತು.

ಇವೆರಡಕ್ಕೂ ಮುನ್ನ, 1964ರಲ್ಲಿ ಅವರು ‘ಡಾಕ್ಟರ್ ಹೂ’ಗಾಗಿಯೇ ‘ಮಾರ್ಕೊ ಪೋಲೊ’ ಕಥೆಯನ್ನು ನಿರ್ದೇಶಿಸಿದ್ದರು. ಏಳು ಕಂತು. ಒಂದರಲ್ಲಷ್ಟೇ ಬೇರೊಬ್ಬರ ಕೈ, ಉಳಿದ ಆರೂ ವಾರಿಸ್ ಅವರದೇ. ಆ ಏಳರಲ್ಲಿ ಒಂದೂ ಇಂದು ಉಳಿದಿಲ್ಲ. ಹಳೆಯ ಟೇಪು ಅಳಿಸಿ ಮತ್ತೆ ಬಳಸುವುದು ಆಗಿನ ವಾಡಿಕೆ. ಉಳಿದಿರುವುದು ಸ್ಥಿರಚಿತ್ರಗಳು, ಅಭಿಮಾನಿಗಳು ಮನೆಯಲ್ಲಿ ಟಿವಿಯಿಂದ ಹಿಡಿದಿಟ್ಟ ಧ್ವನಿ.

ನ್ಯೂಮನ್ ಬೇಡವೆಂದ ಆ ಮೊದಲ ಪ್ರತಿ ಮಾತ್ರ ಉಳಿದುಕೊಂಡಿತು. 1991ರಲ್ಲಿ ಪ್ರಸಾರವೂ ಆಯಿತು. ಮುಚ್ಚಿಕೊಳ್ಳದ ಬಾಗಿಲಿನ ಸದ್ದು ಅದರಲ್ಲಿ ಇಂದಿಗೂ ಕೇಳುತ್ತದೆ.