ಟವರ್ ದೂರ, ಕಿರಣ ಹತ್ತಿರ

ಕಳೆದ ವಾರ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಆಳಂದ ಕಡೆಯ ತಾಯಿಯೊಬ್ಬರು ಕರೆ ಮಾಡಿದ್ದರು. "ಸರ್, ಮಗ ಹತ್ತನೇ ಕ್ಲಾಸ್ ಅದಾನ್ರೀ. ರಾತ್ರಿ ಓದಿದ್ದು ಮುಂಜಾನಿಗೆ ನೆನಪಿರಂಗಿಲ್ಲ. ಈಗ ಊರಾಗ ಟವರ್ ಬೇರೆ ಬರ್ತದಂತ. ಅದ್ರ ರೇಡಿಯೇಷನ್‌ಗೆ ಹುಡುಗ್ರ ತಲಿ ಪೂರಾ ಹಾಳಾಗ್ತದ ಅಂತಾರ, ಖರೇ ಏನ್ರೀ?" ಅಫಜಲಪುರ, ಜೇವರ್ಗಿಯಿಂದಲೂ ಇದೇ ಪ್ರಶ್ನೆ ಬರ್ತಾ ಇರುತ್ತೆ. ಅವತ್ತು ಬ್ರೇಕ್‌ಗೆ ಹೋಗಬೇಕಿತ್ತು, ಅರ್ಧ ಉತ್ತರ ಕೊಟ್ಟೆ. ಉಳಿದರ್ಧ ಇಲ್ಲಿದೆ.

ಎಕ್ಸ್‌ರೇ ಥರ ಡಿಎನ್‌ಎ ಒಡೆಯುವ ಶಕ್ತಿ ಮೊಬೈಲ್‌ನ ರೇಡಿಯೋ ತರಂಗಕ್ಕಿಲ್ಲ. ಕಿವಿ ಹತ್ತಿರದ ಭಾಗವನ್ನ ಅದು ಒಂಚೂರು ಬೆಚ್ಚಗೆ ಮಾಡಬಹುದು, ಅಷ್ಟೆ. ಹಾಗಂತ ವಿಜ್ಞಾನಿಗಳು ಸುಮ್ಮನೆ ಕೂತಿಲ್ಲ. 2011ರಲ್ಲಿ ಅಮೆರಿಕದಲ್ಲಿ 47 ಜನರ ಕಿವಿಗೆ 50 ನಿಮಿಷ ಫೋನ್ ಇಟ್ಟು ನೋಡಿದರು. ಆಂಟೆನಾ ಪಕ್ಕದ ಮಿದುಳಿನ ಭಾಗ ಸುಮಾರು ಶೇ. 7ರಷ್ಟು ಹೆಚ್ಚು ಗ್ಲೂಕೋಸ್ ಬಳಸಿತ್ತು. 2018ರಲ್ಲಿ ಸ್ವಿಟ್ಜರ್ಲೆಂಡ್‌ನವರು ಸುಮಾರು 700 ಹದಿಹರೆಯದವರನ್ನು ಒಂದು ವರ್ಷ ಗಮನಿಸಿ, ಬಲಗಿವಿಗೆ ಫೋನ್ ಹಿಡಿಯುವವರಲ್ಲಿ ಆಕೃತಿಗಳನ್ನು ನೆನಪಿಡುವ ಶಕ್ತಿ ಸ್ವಲ್ಪ ಕುಗ್ಗಿರಬಹುದು ಅಂದರು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಲು ಹೇಳಿತ್ತಲ್ಲ, 2024ರಲ್ಲಿ ಬಂದ ಆ ವರದಿಗಳಲ್ಲಿ ಕಿರಣದಿಂದ ನೆನಪು, ಯೋಚನಾಶಕ್ತಿ ಕೆಡುತ್ತೆ ಅನ್ನೋದಕ್ಕೆ ಬಲವಾದ ಪುರಾವೆ ಸಿಗಲಿಲ್ಲ.

ಇನ್ನು ಟವರ್. ಇಲ್ಲೇ ನಮ್ಮ ಜನ ಎಡವೋದು. ತಲೆಗೆ ಬೀಳುವ ಕಿರಣದ ದೊಡ್ಡ ಪಾಲು ಟವರ್‌ನದ್ದಲ್ಲ ಸ್ವಾಮಿ, ಕಿವಿಗಿಟ್ಟ ಫೋನ್‌ನದ್ದು. ಟವರ್ ಹತ್ತಿರ ಇದ್ದರೆ ಫೋನ್ ಪಿಸುಗುಡುತ್ತೆ. ದೂರ ಇದ್ದರೆ ಭೀಮಾ ನದಿಯ ಈ ದಂಡೆಯಿಂದ ಆ ದಂಡೆಗೆ ಕೂಗಿದ ಹಾಗೆ ಕೂಗುತ್ತೆ. ತೊಗರಿ ಹೊಲದಲ್ಲಿ ನಿಂತು ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ಅರ್ಧ ಗಂಟೆ ಮಾತಾಡ್ತೀರಲ್ಲ, ಆಗಲೇ ಅದು ಜೋರಾಗಿ ಕೂಗೋದು! ಹಾಗೆ ಮಾತಾಡಲೇಬೇಕಾದರೆ ಸ್ಪೀಕರ್ ಹಾಕಿ, ಇಲ್ಲವೇ ಇಯರ್‌ಫೋನ್ ಸಿಕ್ಕಿಸಿ. ಫೋನ್ ತಲೆಯಿಂದ ಒಂದು ಗೇಣು ದೂರ ಹೋದರೂ ಪ್ರಮಾಣ ಬಹಳ ಇಳಿಯುತ್ತೆ. ಟವರ್‌ಗಳಿಗೆ 2012ರ ಸೆಪ್ಟೆಂಬರ್‌ನಿಂದ ನಮ್ಮ ದೇಶ ಇಟ್ಟಿರುವ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಅದನ್ನು ಪಾಲಿಸ್ತಿದ್ದಾರಾ ಅಂತ ಕೇಳಿ, ಕೇಳಲೇಬೇಕು. ಆದರೆ ಟವರೇ ಬೇಡ ಅಂದರೆ ನಷ್ಟ ನಿಮಗೇ.

ಹಾಗಾದ್ರೆ ಹುಡುಗನ ನೆನಪು ಎಲ್ಲಿ ಹೋಯ್ತು? 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ. ಅದನ್ನು ಮೊಬೈಲ್ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋದು ಬೇಡ, ಶಿಕ್ಷಕರೇ ಇಲ್ಲದ ಶಾಲೆಗಳ ಕಥೆ ಬೇರೆಯೇ ಇದೆ. ಆದರೆ ಒಂದು ಮಾತು. ಹಗಲು ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲಿ. ಆ ನಿದ್ದೆಯನ್ನೇ ರೀಲ್ಸ್ ತಿಂದರೆ? 2017ರಲ್ಲಿ ಟೆಕ್ಸಾಸ್‌ನ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಸದ್ದಿಲ್ಲದ ಫೋನ್ ಮೇಜಿನ ಮೇಲೆ ಬೋರಲು ಬಿದ್ದಿದ್ದರೂ ಸಾಕು, ಅದನ್ನು ಪಕ್ಕದ ಕೋಣೆಯಲ್ಲಿ ಬಿಟ್ಟು ಬಂದವರಿಗಿಂತ ಕಮ್ಮಿ ಅಂಕ ಬಂದಿತ್ತು.

ಮೊನ್ನೆ ಆ ತಾಯಿಗೆ ನಾನೇ ಫೋನ್ ಮಾಡಿದೆ. ರಾತ್ರಿ ಮಗನ ಫೋನ್ ಎಲ್ಲಿರುತ್ತೆ ಅಂತ ಕೇಳಿದೆ.

"ತಲಿದಿಂಬಿನ ಬುಡಕ್ರೀ."

ಪರೀಕ್ಷೆ ಮುಗಿಯೋ ತನಕ ಅಡುಗೆಮನೆಯಲ್ಲಿ ಇಡಿ ಅಂದೆ.

"ಮತ್ತ ಅಲಾರಾಂ ಹೆಂಗ್ರೀ ಸರ್?"

"ನೀವೇ ಎಬ್ಬಿಸಿ ಅಕ್ಕಾ" ಅಂದೆ.